ಗಾಲ್ಫ್ ಪ್ರಶ್ನೋತ್ತರ: ಬೆರಳು ಹೆಣೆಯುವ ಮುಂಚೆ ಎಡಗೈ ನೋಡಿಕೊಳ್ಳಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಹಿಡಿತದ ಸುತ್ತಲೇ ಇವೆ. ಉತ್ತರಗಳು ಬಲಗೈ ಆಟಗಾರರಿಗೆ. ಎಡಗೈಯವರು ಎಡ–ಬಲ ಅದಲುಬದಲು ಮಾಡಿ ಓದಿಕೊಳ್ಳಿ. ಕೈ ಹಿಡಿಯುವ ರೀತಿಗೆ ‘ಹಿಡಿತ’, ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ತುದಿಯ ರಬ್ಬರಿಗೆ ‘ಗ್ರಿಪ್’ ಎಂದು ಬರೆದಿದ್ದೇವೆ.

ಪ್ರಶ್ನೆ: ಆಟ ಶುರುಮಾಡಿ ಆರು ತಿಂಗಳಾಯಿತು. ಕೋಚ್ ಓವರ್‌ಲ್ಯಾಪ್ ಕಲಿಸಿದರು, ಜತೆಗಾರರು ಇಂಟರ್‌ಲಾಕ್ ಒಳ್ಳೆಯದು ಅನ್ನುತ್ತಾರೆ, ಚೀಲ ಹೊರುವ ಕ್ಯಾಡಿ ಹತ್ತು ಬೆರಳಲ್ಲೂ ಹಿಡಿಯಿರಿ ಅಂತಾನೆ. ಯಾವುದು ಸರಿ?
— ಓದುಗರು, ಜಯನಗರ, ಬೆಂಗಳೂರು

ಮೂವರೂ ಮಾತಾಡುತ್ತಿರುವುದು ಬಲಗೈಯ ಕಿರುಬೆರಳೊಂದರ ಬಗ್ಗೆ. ಅದು ಎಡಗೈಯ ತೋರುಬೆರಳು, ನಡುಬೆರಳುಗಳ ನಡುವಿನ ಸಂದಿಯ ಮೇಲೆ ಕೂತರೆ ಓವರ್‌ಲ್ಯಾಪ್. ಎಡ ತೋರುಬೆರಳಿಗೆ ಕೊಂಡಿ ಹಾಕಿಕೊಂಡರೆ ಇಂಟರ್‌ಲಾಕ್. ಎರಡೂ ಇಲ್ಲದೆ ಗ್ರಿಪ್ಪಿನ ಮೇಲೇ ಕೂತರೆ ಹತ್ತು ಬೆರಳಿನ ಹಿಡಿತ. ಚೆಂಡು ಎತ್ತ ಹೋಗುತ್ತದೆ ಎನ್ನುವುದನ್ನು ಈ ಕಿರುಬೆರಳು ನಿರ್ಧರಿಸುವುದು ಕಡಿಮೆ. ಕ್ಲಬ್ ಎಡ ಅಂಗೈಯಲ್ಲಿ ಎಲ್ಲಿ ಮಲಗಿದೆ ಎನ್ನುವುದೇ ದೊಡ್ಡ ವಿಷಯ. ಅದನ್ನು ಮೊದಲು ಸರಿಮಾಡಿಕೊಳ್ಳಿ.

ಎಡಗೈಯನ್ನು ಸಹಜವಾಗಿ ಇಳಿಬಿಡಿ. ಗ್ರಿಪ್ ತೋರುಬೆರಳಿನ ನಡುಗೆಣ್ಣಿನಿಂದ ಓರೆಯಾಗಿ ಸಾಗಿ ಕಿರುಬೆರಳಿನ ಬುಡದ ತುಸು ಮೇಲಕ್ಕೆ, ಅಂಗೈಯ ಹಿಮ್ಮಡಿಯಲ್ಲಿರುವ ದಪ್ಪ ಮಾಂಸದ ಅಡಿಗೆ ಬರಬೇಕು. ಗ್ರಿಪ್ಪಿನ ತುದಿ ಒಂದರಿಂದ ಒಂದೂವರೆ ಸೆಂ.ಮೀ. ಕೈಯಿಂದ ಹೊರಗಿರಲಿ. ಈಗ ಕ್ಲಬ್ಬನ್ನು ಮುಂದಕ್ಕೆ ಚಾಚಿ, ಉಳಿದ ಬೆರಳುಗಳನ್ನು ಬಿಡಿಸಿ, ಬಗ್ಗಿಸಿದ ತೋರುಬೆರಳು ಮತ್ತು ಆ ಮಾಂಸದ ದಿಂಬಿನ ನಡುವೆಯೇ ತೂಗಿಸಿ ನೋಡಿ. ನಿಂತರೆ ಜಾಗ ಸರಿಯಿದೆ. ಜಾರಿ ತಿರುಗಿದರೆ ಕ್ಲಬ್ ಅಂಗೈಯ ನಡುವಿನಲ್ಲಿದೆ ಎಂದರ್ಥ. ಅಂಗೈಯಲ್ಲಿ ಅದುಮಿ ಹಿಡಿದಾಗ ಮಣಿಕಟ್ಟು ಮೇಲಕ್ಕೆ ಮಡಚುವುದಿಲ್ಲ. ಮಣಿಕಟ್ಟು ಮಡಚದಿದ್ದರೆ ದೂರ ಸಿಗುವುದಿಲ್ಲ, ಹೊಡೆತದ ಹೊತ್ತಿಗೆ ಚೆಂಡಿಗೆ ತಾಗುವ ಕ್ಲಬ್ಬಿನ ಮುಖ ಬಲಕ್ಕೆ ತೆರೆದೇ ಉಳಿಯುತ್ತದೆ.

ಆಮೇಲೆ ಬಲಗೈ. ಇದರಲ್ಲಿ ಗ್ರಿಪ್ ಪೂರ್ತಿ ಬೆರಳುಗಳಲ್ಲೇ ಇರಬೇಕು, ಮುಖ್ಯವಾಗಿ ನಡುಬೆರಳು ಮತ್ತು ಉಂಗುರ ಬೆರಳಿನಲ್ಲಿ. ಬಲ ಅಂಗೈಯ ಆಯುಷ್ಯರೇಖೆ ಎಡ ಹೆಬ್ಬೆರಳನ್ನು ಮುಚ್ಚಿ ಕೂರಬೇಕು. ಬಲ ಹೆಬ್ಬೆರಳು ಗ್ರಿಪ್ಪಿನ ನೆತ್ತಿಯ ಮೇಲೆ ನೆಟ್ಟಗೆ ಬೇಡ, ತುಸು ಎಡಕ್ಕೆ ಇಳಿದಿರಲಿ.

ಇಷ್ಟಾದ ಮೇಲೆ ಕಿರುಬೆರಳಿನ ಮಾತು. ಕೈ ದೊಡ್ಡದು, ಬೆರಳು ಉದ್ದ ಎಂದರೆ ಓವರ್‌ಲ್ಯಾಪ್. 1896ರಿಂದ 1914ರ ನಡುವೆ ಆರು ಸಲ ಬ್ರಿಟಿಷ್ ಓಪನ್ ಗೆದ್ದ ಹ್ಯಾರಿ ವಾರ್ಡನ್ ಹೆಸರಿನಲ್ಲೇ ಇದು ಪ್ರಸಿದ್ಧ, ಸ್ಕಾಟ್ಲೆಂಡಿನ ಅಮೆಚೂರ್ ಆಟಗಾರ ಜಾನಿ ಲೇಡ್ಲೆ ಅದಕ್ಕೂ ಮುಂಚೆಯೇ ಹೀಗೆ ಹಿಡಿಯುತ್ತಿದ್ದರೂ. ಕೈ ಚಿಕ್ಕದು, ಬೆರಳು ಮೋಟು ಎಂದರೆ ಇಂಟರ್‌ಲಾಕ್: ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ಬರದೂ ಇದೇ. ಬೆರಳಿಗೆ ಬಲ ಸಾಲದವರಿಗೆ, ಸಂಧಿನೋವಿನವರಿಗೆ, ಮಕ್ಕಳಿಗೆ ಹತ್ತು ಬೆರಳು.

ಇಂಟರ್‌ಲಾಕ್ ಮಾಡುವವರು ಒಂದು ಕಡೆ ಎಡವುತ್ತಾರೆ. ಎರಡು ಬೆರಳನ್ನು ಬುಡದ ತನಕ ತೂರಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಎಡ ತೋರುಬೆರಳು ಗ್ರಿಪ್ ಬಿಟ್ಟು ಮೇಲೇಳುತ್ತದೆ, ಕ್ಲಬ್ ಮತ್ತೆ ಅಂಗೈಗೆ ಸರಿಯುತ್ತದೆ, ಬೆರಳ ಸಂದಿ ಕೆಂಪಾಗಿ ಉರಿಯುತ್ತದೆ. ಕೊಂಡಿ ನಡುಗೆಣ್ಣಿನ ಮಟ್ಟಕ್ಕೆ ಸಾಕು. ಹತ್ತು ಬೆರಳಿನಲ್ಲಿ ಆಗುವ ತಪ್ಪು ಬೇರೆ: ಎರಡು ಕೈಗಳ ನಡುವೆ ಸಂದು ಬೀಳುತ್ತದೆ, ಬಲಗೈ ಯಜಮಾನನಾಗುತ್ತದೆ. ಬಲ ಕಿರುಬೆರಳು ಎಡ ತೋರುಬೆರಳಿಗೆ ಒತ್ತಿಕೊಂಡೇ ಇರಲಿ.

ನಿಮ್ಮ ಕೋಚ್ ಕಲಿಸಿದ್ದನ್ನೇ ಮುಂದುವರಿಸಿ. ಹತ್ತು ಹದಿನೈದು ಹೊಡೆತವಾದ ಮೇಲೂ ಬಲ ಕಿರುಬೆರಳು ಜಾರಿ ಇಳಿಯುತ್ತಿದ್ದರೆ ಮಾತ್ರ ಇಂಟರ್‌ಲಾಕಿಗೆ ಬದಲಾಯಿಸಿ, ಒಂದಿಡೀ ತಿಂಗಳು ಅದರಲ್ಲೇ ಆಡಿ. ವಾರಕ್ಕೊಂದು ಹಿಡಿತ ಬದಲಿಸುವವರಿಗೆ ಯಾವುದೂ ಕೈಹತ್ತುವುದಿಲ್ಲ.

ಪ್ರಶ್ನೆ: ಡ್ರೈವರ್ (ದೂರ ಹೊಡೆಯುವ ಉದ್ದನೆಯ ಕ್ಲಬ್) ಹಿಡಿದರೆ ಚೆಂಡು ಪ್ರತಿ ಸಲವೂ ಬಲಕ್ಕೆ ಬಾಗಿ ಪೊದೆ ಸೇರುತ್ತದೆ. ಹಿಡಿತ ‘ಸ್ಟ್ರಾಂಗ್’ ಮಾಡಿ ಎಂದರು. ಬಿಗಿಯಾಗಿ ಹಿಡಿದೆ, ಇನ್ನೂ ಕೆಟ್ಟಿತು.
— ಓದುಗರು, ಮೈಸೂರು

ಸ್ಟ್ರಾಂಗ್ ಎಂದರೆ ಬಿಗಿ ಅಲ್ಲ, ಕೈಗಳನ್ನು ಬಲಕ್ಕೆ ತಿರುಗಿಸಿ ಇಡುವುದು. ಚೆಂಡಿನ ಮುಂದೆ ನಿಂತು ತಲೆ ಬಗ್ಗಿಸಿ ಎಡಗೈಯನ್ನು ನೋಡಿ. ಎರಡು ಗೆಣ್ಣು ಕಂಡರೆ ನ್ಯೂಟ್ರಲ್, ಮೂರು ಅಥವಾ ಹೆಚ್ಚು ಕಂಡರೆ ಸ್ಟ್ರಾಂಗ್, ಒಂದೇ ಕಂಡರೆ ವೀಕ್. ಹೆಬ್ಬೆರಳು–ತೋರುಬೆರಳಿನ ನಡುವೆ ಮೂಡುವ ‘ವಿ’ ಆಕಾರದ ಗೆರೆಯನ್ನೂ ಗಮನಿಸಿ: ಗಲ್ಲದತ್ತ ತೋರಿಸಿದರೆ ವೀಕ್, ಗಲ್ಲ ಮತ್ತು ಬಲಭುಜದ ನಡುವೆ ಎಂದರೆ ನ್ಯೂಟ್ರಲ್, ಬಲಭುಜದತ್ತ ಅಥವಾ ಅದರಾಚೆ ಎಂದರೆ ಸ್ಟ್ರಾಂಗ್.

ವೇಗವಾಗಿ ಬೀಸುವಾಗ ಕೈಗಳು ತಮ್ಮ ಸಹಜ ನಿಲುವಿಗೆ ಮರಳಲು ನೋಡುತ್ತವೆ. ನೀವು ವೀಕ್ ಆಗಿ ಹಿಡಿದು ಆರಂಭಿಸಿದರೆ, ಮರಳುವಾಗ ಕ್ಲಬ್ಬಿನ ಮುಖ ಬಲಕ್ಕೆ ತೆರೆದುಕೊಂಡು ಚೆಂಡು ಬಲಕ್ಕೆ ಬಾಗುತ್ತದೆ, ಅದೇ ಸ್ಲೈಸ್. ಆದ್ದರಿಂದ ಮೊದಲು ಕ್ಲಬ್ಬಿನ ಮುಖವನ್ನು ಗುರಿಗೆ ನೇರ ಇಟ್ಟು, ಆಮೇಲೆ ಎಡಗೈಯನ್ನು ಮೂರು ಗೆಣ್ಣು ಕಾಣುವಷ್ಟು ತಿರುಗಿಸಿ ಹಿಡಿಯಿರಿ. ಬಲಗೈಯ ‘ವಿ’ ಅದಕ್ಕೆ ಸಮಾಂತರವಾಗಿರಲಿ. ಹಿಡಿದ ಮೇಲೆ ಮಣಿಕಟ್ಟು ತಿರುಗಿಸಿ ಮೂರು ಗೆಣ್ಣು ತೋರಿಸಿಕೊಂಡರೆ ಪ್ರಯೋಜನವಿಲ್ಲ. ಜತೆಗೆ ಮುಖವೂ ತಿರುಗಿರುತ್ತದೆ, ಅಷ್ಟೇ. ಅಭ್ಯಾಸದ ಮೈದಾನದಲ್ಲಿ (ರೇಂಜ್) ಹೆಚ್ಚು ಜನ ಮಾಡುವ ತಪ್ಪು ಇದೇ.

ಒಂದೇ ಸಲಕ್ಕೆ ಅತಿಗೆ ಹೋಗಬೇಡಿ. ಕಾಲು ಇಂಚು ತಿರುಗಿಸಿ, 7 ಐರನ್ನಿನಲ್ಲಿ (ಮಧ್ಯಮ ದೂರದ ಕ್ಲಬ್) ಅರ್ಧ ಸ್ವಿಂಗಿನಿಂದ ಇಪ್ಪತ್ತು ಚೆಂಡು ಹೊಡೆದು ನೋಡಿ. ಚೆಂಡು ಎಡಕ್ಕೆ ಬಾಗತೊಡಗಿದರೆ ಅರ್ಧದಷ್ಟು ಹಿಂದೆ ತನ್ನಿ. ಬೆನ್ ಹೋಗನ್ ತಮ್ಮನ್ನು ಕಾಡಿದ ಹುಕ್ (ಎಡಕ್ಕೆ ಬಾಗುವ ಹೊಡೆತ) ನಿಲ್ಲಿಸಲು ಎಡಗೈಯನ್ನು ವೀಕ್ ಕಡೆಗೆ ತಿರುಗಿಸಿಕೊಂಡರು. ಆ ಹಿಡಿತವನ್ನು ಸ್ಲೈಸ್ ಹೊಡೆಯುವವರು ನಕಲು ಮಾಡಿದರೆ ಅಜೀರ್ಣದ ಮದ್ದನ್ನು ಹಸಿದವನು ಕುಡಿದಂತೆ. ಇತ್ತ ಪಾಲ್ ಏಜಿಂಗರ್ 1993ರ ಪಿಜಿಎ ಚಾಂಪಿಯನ್‌ಷಿಪ್ ಗೆದ್ದದ್ದು ತೀರಾ ಸ್ಟ್ರಾಂಗ್ ಹಿಡಿತದಲ್ಲಿ.

ಬಿಗಿಯ ವಿಷಯ. ಹತ್ತಕ್ಕೆ ನಾಲ್ಕೈದು ಸಾಕು. ಎಡಗೈಯ ಕೊನೆಯ ಮೂರು ಬೆರಳು, ಬಲಗೈಯ ನಡುವಿನ ಎರಡು ಬೆರಳು ಹಿಡಿಯುವ ಕೆಲಸ ಮಾಡಲಿ. ಬಲ ಹೆಬ್ಬೆರಳು, ತೋರುಬೆರಳು ಸುಮ್ಮನೆ ತಾಗಿರಲಿ. ಈ ಎರಡು ಬೆರಳು ಚಿವುಟಿದರೆ ಮುಂಗೈಯ ಸ್ನಾಯುಗಳೆಲ್ಲ ಗಟ್ಟಿಯಾಗುತ್ತವೆ. ಬೀಸುವಾಗ ಹಿಡಿತ ತಾನಾಗಿಯೇ ಬಿಗಿಯಾಗುತ್ತದೆ, ಮೊದಲೇ ಬಿಗಿಯಬೇಕಿಲ್ಲ.

ಪ್ರಶ್ನೆ: ಹಾಕಿ ಆಡಿ ಬೆಳೆದವನು. ಈಗ ಗಾಲ್ಫ್. ಹಾಕಿ ಸ್ಟಿಕ್ ಹಿಡಿದಂತೆಯೇ ಹಿಡಿದರೆ ಆಗದೇ?
— ಓದುಗರು, ವಿರಾಜಪೇಟೆ, ಕೊಡಗು

ಎಡಗೈ ಮೇಲೆ, ಬಲಗೈ ಕೆಳಗೆ ಎಂಬುದು ಎರಡರಲ್ಲೂ ಒಂದೇ. ಅಷ್ಟರಮಟ್ಟಿಗೆ ನಿಮಗೆ ಲಾಭ. ಅಡ್ಡಿಯಾಗುವುದು ತೂಕದ ಅಭ್ಯಾಸ. ಹಾಕಿ ಸ್ಟಿಕ್ ಅರ್ಧ ಕಿಲೋಗೂ ಹೆಚ್ಚು, ಎದುರಾಳಿಯ ಸ್ಟಿಕ್ಕಿಗೂ ಬಡಿಯುತ್ತದೆ. ಹಾಗಾಗಿ ಅಂಗೈ ತುಂಬ ಗಟ್ಟಿಯಾಗಿ ಹಿಡಿಯುವುದು ರೂಢಿ. ಡ್ರೈವರ್ ಸುಮಾರು 300 ಗ್ರಾಂ ಮಾತ್ರ. ಅದನ್ನು ಬೆರಳಿಗೆ ಇಳಿಸಿಕೊಳ್ಳಿ. ನಿಮ್ಮಂಥವರಿಗೆ ಹತ್ತು ಬೆರಳಿಗಿಂತ ಓವರ್‌ಲ್ಯಾಪ್ ಒಳ್ಳೆಯದು, ಯಾಕೆಂದರೆ ಬಲಗೈ ಮೊದಲೇ ಬಲವಾಗಿದೆ. ಅದರ ಒಂದು ಬೆರಳನ್ನು ಗ್ರಿಪ್ಪಿನಿಂದ ಎತ್ತಿಬಿಟ್ಟರೆ ಎರಡು ಕೈ ಸಮಕ್ಕೆ ಬರುತ್ತವೆ. ಕ್ರಿಕೆಟ್ಟಿನಿಂದ ಬಂದ, ‘ಬಾಟಮ್ ಹ್ಯಾಂಡ್’ ಜೋರಿರುವವರಿಗೂ ಇದೇ ಮಾತು.

ಪ್ರಶ್ನೆ: ಎಡ ಅಂಗೈಯಲ್ಲಿ, ಕಿರುಬೆರಳಿನ ಕೆಳಗಿನ ಬುಡದಲ್ಲಿ ನೋವು. ಗ್ಲೌಸ್ ಕೂಡ ಅಲ್ಲೇ ತೂತಾಗಿದೆ.
— ಓದುಗರು, ಹುಬ್ಬಳ್ಳಿ

ಗ್ಲೌಸಿನ ತೂತೇ ಕಾರಣ ಹೇಳುತ್ತಿದೆ. ಅಂಗೈಯ ಹಿಮ್ಮಡಿಯಲ್ಲಿ ಸವೆದರೆ ಕ್ಲಬ್ ಅಂಗೈಯಲ್ಲಿ ಹೊರಳಾಡುತ್ತಿದೆ, ಅಥವಾ ಗ್ರಿಪ್ಪಿನ ತುದಿಯನ್ನು ಹೊರಗೆ ಬಿಡದೆ ಅಂಗೈಯೊಳಗೇ ಮುಗಿಸಿ ಹಿಡಿಯುತ್ತಿದ್ದೀರಿ. ಆ ಜಾಗದಲ್ಲಿ ಹ್ಯಾಮೇಟ್ ಎಂಬ ಪುಟ್ಟ ಮೂಳೆಯಿದೆ, ಅದಕ್ಕೊಂದು ಕೊಕ್ಕೆಯಂಥ ಚಾಚು. ಗ್ರಿಪ್ಪಿನ ತುದಿ ಮತ್ತೆ ಮತ್ತೆ ಅದಕ್ಕೆ ಕುಟ್ಟಿದರೆ, ಅಥವಾ ಒಂದು ಹೊಡೆತ ನೆಲಕ್ಕೆ ಬಲವಾಗಿ ಬಡಿದರೆ, ಆ ಕೊಕ್ಕೆ ಮುರಿಯುವುದುಂಟು. ಮಾಮೂಲಿ ಎಕ್ಸ್‌ರೇಯಲ್ಲಿ ಅದು ಕಾಣದೆ ತಪ್ಪಿಸಿಕೊಳ್ಳಬಹುದು, ಸಿ.ಟಿ. ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಒತ್ತಿದರೆ ಚುಚ್ಚುವ ನೋವು, ಹಿಡಿತದಲ್ಲಿ ಬಲಹೀನತೆ, ಕಿರುಬೆರಳು–ಉಂಗುರ ಬೆರಳಿನಲ್ಲಿ ಜೋಮು ಇದ್ದರೆ ಆಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಗಾಲ್ಫ್ ಆಡುತ್ತೇನೆ ಎಂದು ತಪ್ಪದೆ ಹೇಳಿ. ನೋವಿಲ್ಲದೆ ಬರೀ ಸವೆತವಿದ್ದರೆ ಗ್ರಿಪ್ಪಿನ ತುದಿ ಒಂದು ಸೆಂ.ಮೀ. ಹೊರಗೆ ಬರುವಂತೆ ಕೈ ಕೆಳಗಿಳಿಸಿ.

ಎಡಗೈಯ ಕೊನೆಯ ಬೆರಳುಗಳ ಬುಡದಲ್ಲಿ ಸ್ವಲ್ಪ ಜಡ್ಡುಗಟ್ಟಿದರೆ ಚಿಂತೆಯಿಲ್ಲ. ಹೆಬ್ಬೆರಳಿನ ಪಕ್ಕ ಬೊಬ್ಬೆ ಬಂದರೆ ಮಾತ್ರ ಕೈ ಜಾರುತ್ತಿದೆ ಎಂದು ತಿಳಿಯಿರಿ.

ಪ್ರಶ್ನೆ: ಗ್ರಿಪ್ಪಿನ ದಪ್ಪ ಆರಿಸುವುದು ಹೇಗೆ? ಮನೆಯಲ್ಲೇ ಬದಲಾಯಿಸಬಹುದೇ? ನಮ್ಮಲ್ಲಿ ಬೆವರು ವಿಪರೀತ.
— ಓದುಗರು, ಮಂಗಳೂರು

ಎಡಗೈಯಲ್ಲಿ ಮಾತ್ರ ಕ್ಲಬ್ ಹಿಡಿಯಿರಿ. ನಡುಬೆರಳು, ಉಂಗುರ ಬೆರಳಿನ ತುದಿ ಹೆಬ್ಬೆರಳ ಬುಡದ ಮಾಂಸಕ್ಕೆ ಹಗುರವಾಗಿ ತಾಗಿದರೆ ಅಳತೆ ಸರಿ. ಉಗುರು ಒತ್ತುವಷ್ಟು ಒಳಗೆ ಹೋದರೆ ತೆಳುವಾಯಿತು, ಸಂದು ಉಳಿದರೆ ದಪ್ಪವಾಯಿತು. ಸ್ಟ್ಯಾಂಡರ್ಡ್‌ಗಿಂತ ಮಿಡ್‌ಸೈಜ್ 1/16 ಇಂಚು, ಜಂಬೊ 1/8 ಇಂಚು ದಪ್ಪ. ಒಳಗೆ ಟೇಪಿನ ಒಂದು ಸುತ್ತು ಹೆಚ್ಚಿಸಿದರೆ ಸುಮಾರು 1/64 ಇಂಚು ಸೇರುತ್ತದೆ. ಅಂದರೆ ನಾಲ್ಕು ಸುತ್ತಿಗೆ ಒಂದು ಅಳತೆ. ಎರಡು ಅಳತೆಯ ನಡುವೆ ಸಿಕ್ಕಿಕೊಂಡವರಿಗೆ ಟೇಪೇ ದಾರಿ. ಸಂಧಿವಾತದವರು ಒಂದು ಅಳತೆ ದಪ್ಪ, ಮೆತ್ತನೆಯದು ಹಾಕಿಸಿ. ದಪ್ಪ ಗ್ರಿಪ್ ಹುಕ್ ನಿಲ್ಲಿಸುತ್ತದೆ ಎಂಬ ಅಂಗಡಿ ಮಾತನ್ನು ನೆಚ್ಚಬೇಡಿ, ಹಿಡಿತವನ್ನೇ ನೋಡಿ.

ಬದಲಾಯಿಸುವುದು ಕಷ್ಟವಲ್ಲ. ಕೊಕ್ಕೆ ಬ್ಲೇಡಿನಿಂದ ಹಳೆಯ ಗ್ರಿಪ್ಪನ್ನು ನಿಮ್ಮಿಂದ ಆಚೆಗೆ ಸೀಳಿ. ಶಾಫ್ಟ್ (ಕ್ಲಬ್ಬಿನ ಕೋಲು) ಗ್ರಾಫೈಟಿನದಾದರೆ ಬ್ಲೇಡಿನ ಮೊನೆ ನಾರಿಗೆ ತಾಗದಂತೆ ಎಚ್ಚರ. ಗೀರು ಬಿದ್ದಲ್ಲೇ ಮುಂದೆ ಮುರಿಯುತ್ತದೆ. ಹಳೆ ಟೇಪ್ ಪೂರ್ತಿ ತೆಗೆದು, ಎರಡು ಇಂಚು ಅಗಲದ ಡಬಲ್ ಸೈಡ್ ಟೇಪನ್ನು ಗ್ರಿಪ್ಪಿನ ಉದ್ದಕ್ಕೆ ಸುತ್ತಿ, ತುದಿಯಲ್ಲಿ ಒಂದು ಸೆಂ.ಮೀ. ಹೆಚ್ಚು ಬಿಟ್ಟು ಅದನ್ನು ಶಾಫ್ಟಿನ ಒಳಗೆ ಮಡಚಿ. ಹೊಸ ಗ್ರಿಪ್ಪಿನ ತಳದ ರಂಧ್ರಕ್ಕೆ ಟೀ (ಚೆಂಡು ಕೂರಿಸುವ ಮೊಳೆ) ಚುಚ್ಚಿ, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಸುರಿದು ಅಲ್ಲಾಡಿಸಿ, ಅದನ್ನೇ ಟೇಪಿನ ಮೇಲೆ ಹರಿಸಿ. ಟೀ ತೆಗೆದು ಒಂದೇ ಉಸಿರಿಗೆ ಗ್ರಿಪ್ ತಳ್ಳಿ. ಅರ್ಧದಲ್ಲಿ ನಿಲ್ಲಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ನಿಮಿಷದೊಳಗೆ ಗೆರೆ ನೇರಮಾಡಿ, ಒಂದು ದಿನ ಒಣಗಲು ಬಿಡಿ. ಪೆಟ್ರೋಲ್ ಬಳಸುವವರಿದ್ದಾರೆ, ಬೇಡ. ಟರ್ಪೆಂಟೈನಿಗೂ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಬೆವರಿಗೆ ದಾರ ಬೆರೆಸಿದ ಕಾರ್ಡ್ ಗ್ರಿಪ್ ಒಳ್ಳೆಯದು. ಅದು ಒರಟು, ಕೈ ಮೃದುವಾಗಿದ್ದರೆ ಮೇಲರ್ಧ ಮಾತ್ರ ಕಾರ್ಡ್ ಇರುವುದನ್ನು ಕೊಳ್ಳಿ. ತೆಳು ಚರ್ಮದ ಗ್ಲೌಸ್ ನೆನೆದರೆ ಜಾರುತ್ತದೆ: ಎರಡು ಗ್ಲೌಸ್ ಇಟ್ಟುಕೊಂಡು ಕೆಲವು ಹೋಲ್‌ಗಳಿಗೊಮ್ಮೆ ಬದಲಿಸಿ, ತೆಗೆದದ್ದನ್ನು ಚೀಲಕ್ಕೆ ತುರುಕದೆ ಗಾಳಿಗೆ ನೇತುಹಾಕಿ. ಮಳೆಗಾಲಕ್ಕೆ ಒದ್ದೆಯಾದಷ್ಟೂ ಅಂಟುವ ರೈನ್ ಗ್ಲೌಸ್ ಬರುತ್ತದೆ, ಎರಡು ಕೈಗೂ ಹಾಕಬೇಕು. ಪೌಡರ್, ರಾಳ ಹಚ್ಚಿಕೊಳ್ಳಲು ನಿಯಮದಲ್ಲಿ ಅಡ್ಡಿಯಿಲ್ಲ. ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ಬೆಚ್ಚನೆ ನೀರಿನಲ್ಲಿ ಗ್ರಿಪ್ ಉಜ್ಜಿ, ಒರೆಸಿ. ಎಷ್ಟೋ ‘ಸವೆದ’ ಗ್ರಿಪ್‌ಗಳು ಬರೀ ಕೊಳೆಯಾಗಿರುತ್ತವೆ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ನನ್ನ ಹಳೆಯ ಕ್ಲಬ್ ಕತ್ತರಿಸಿ ಕೊಡಬಹುದೇ?
— ಓದುಗರು, ಚಿಕ್ಕಮಗಳೂರು

ಬೇಡ. ಕತ್ತರಿಸಿದ ಶಾಫ್ಟ್ ಗಡುಸಾಗುತ್ತದೆ, ಕ್ಲಬ್ಬಿನ ತಲೆ ಭಾರವಾಗಿಯೇ ಉಳಿಯುತ್ತದೆ, ದೊಡ್ಡವರ ಗ್ರಿಪ್ ಆ ಬೆರಳಿಗೆ ಸುತ್ತುವುದಿಲ್ಲ. ಅಂಗೈಯಲ್ಲಿ ಹಿಡಿಯುವ ಚಟ ಅಲ್ಲಿಂದಲೇ ಅಂಟುತ್ತದೆ. ಮಕ್ಕಳ ಅಳತೆಯ ಒಂದು ಐರನ್, ಒಂದು ಪಟರ್ (ಚೆಂಡನ್ನು ಕುಳಿಯತ್ತ ಉರುಳಿಸುವ ಕ್ಲಬ್) ಸಾಕು. ಹತ್ತು ಬೆರಳಿನಲ್ಲಿ ಶುರುಮಾಡಲಿ.

ಪ್ರಶ್ನೆ: ಪಟರನ್ನೂ ಹೀಗೇ ಹಿಡಿಯಬೇಕೇ?
— ಓದುಗರು, ಬೆಳಗಾವಿ

ಇಲ್ಲ, ಇಲ್ಲಿ ಎಲ್ಲ ತಿರುವುಮುರುವು. ಪಟಿಂಗಿನಲ್ಲಿ ಮಣಿಕಟ್ಟು ಮಡಚಬಾರದು, ಅದಕ್ಕೇ ಗ್ರಿಪ್ಪನ್ನು ಎಡ ಅಂಗೈಯ ಆಯುಷ್ಯರೇಖೆಯ ಉದ್ದಕ್ಕೆ ಮಲಗಿಸಿ, ಶಾಫ್ಟ್ ಮುಂಗೈಯ ನೇರಕ್ಕೆ ಬರಲಿ. ಎರಡು ಹೆಬ್ಬೆರಳೂ ಗ್ರಿಪ್ಪಿನ ಚಪ್ಪಟೆ ಮುಖದ ಮೇಲೆ. ಎಡ ತೋರುಬೆರಳನ್ನು ಬಲಗೈ ಬೆರಳುಗಳ ಮೇಲೆ ಚಾಚಿದರೆ ರಿವರ್ಸ್ ಓವರ್‌ಲ್ಯಾಪ್, ಅತಿ ಹೆಚ್ಚು ಬಳಕೆಯಲ್ಲಿರುವುದು ಅದು. ಹತ್ತಿರದ ಪಟ್‌ಗಳಲ್ಲಿ ಬಲಗೈ ಜಗ್ಗಿ ಚೆಂಡು ಎಡಕ್ಕೆ ಹೋಗುತ್ತಿದ್ದರೆ ಎಡಗೈಯನ್ನು ಕೆಳಗೆ ತಂದು ಹಿಡಿದು ನೋಡಿ. ಜಾರ್ಡನ್ ಸ್ಪೀತ್ ಹಾಗೆಯೇ ಆಡುತ್ತಾರೆ. ಚಪ್ಪಟೆ ಗ್ರಿಪ್ ಪಟರಿಗೆ ಮಾತ್ರ ಸಲ್ಲುತ್ತದೆ, ಉಳಿದ ಕ್ಲಬ್‌ಗಳ ಗ್ರಿಪ್ ದುಂಡಗಿರಬೇಕು. ಬೆರಳು ಕೂರುವಂತೆ ಅಚ್ಚು ಕೊರೆದ ತರಬೇತಿ ಗ್ರಿಪ್ ಸ್ಪರ್ಧೆಗೆ ನಡೆಯುವುದಿಲ್ಲ. ಉದ್ದ ಪಟರ್ ಇಟ್ಟುಕೊಳ್ಳಬಹುದು, ಆದರೆ ಅದರ ತುದಿಯನ್ನು ಹೊಟ್ಟೆಗೋ ಎದೆಗೋ ಊರಿಕೊಂಡು ಹೊಡೆಯುವುದಕ್ಕೆ 2016ರ ಜನವರಿ 1ರಿಂದ ನಿಷೇಧವಿದೆ.