ದಪ್ಪಕ್ಷರ ಬಿಡಿ, ಸಣ್ಣಕ್ಷರ ಓದಿ

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಹಾಸನದ ಮೇಡಂ ಅಂತ ಕರೆದರೆ ಬೇಜಾರಿಲ್ಲ ತಾನೇ?

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಬೇರೆ ಓದುಗರಿಗಾಗಿ ಅದನ್ನು ಸಣ್ಣದು ಮಾಡಿ ಹೇಳುತ್ತೇನೆ. ನೀವು ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು. ಊರಿನ ಕಡೆ ತಾಲ್ಲೂಕು ಕಾಲೇಜೊಂದರಲ್ಲಿ ಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದಿರಿ. ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಹತ್ತಿರ ಇದ್ದೀರಿ, ಕೆಲಸ ಮಾಡಲು ಇಎಡಿ, ಅಂದರೆ ಸರ್ಕಾರದ ಅನುಮತಿ ಕಾರ್ಡು, ಕೈಗೆ ಬಂದಿದೆ. ಕಮ್ಯುನಿಟಿ ಕಾಲೇಜೊಂದು ಇಂಟರ್‌ವ್ಯೂಗೆ ಕರೆದಿದೆ. ಆಲ್ಜೀಬ್ರಾ ಕ್ಲಾಸು, ವಾರಕ್ಕೊಂದು ದಿನ, ಮಂಗಳವಾರ ಸಂಜೆ ಏಳರಿಂದ ಒಂಬತ್ತೂ ಮುಕ್ಕಾಲರ ತನಕ. ಯಜಮಾನರಿಗೆ ಭಯ. ನಿಮಗೆ ಆಸೆ, ಜೊತೆಗೆ ಸ್ವಲ್ಪ ಭಯ. ಕೆಲಸದ ಜಾಹೀರಾತಿನಲ್ಲಿ "ಸುರಕ್ಷಿತ ಕ್ಯಾಂಪಸ್" ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರಲ್ಲ, ಅದು ಪಾಠ ಮಾಡುವವರಿಗಾಗಿ ಹಾಕಿದ್ದಾ, ಇಲ್ಲಾ ಸುಮ್ನೆ ಮಕ್ಕಳ ಅಪ್ಪ ಅಮ್ಮನಿಗೆ ತೋರಿಸುವುದಕ್ಕಾ, ಅದನ್ನು ನೋಡಿ ಯಾರಾದರೂ ನಿಜವಾಗಿ ಕೆಲಸಕ್ಕೆ ಬರುತ್ತಾರಾ ಅಂತ ನಿಮ್ಮ ಪ್ರಶ್ನೆ.

ದಪ್ಪಕ್ಷರ ನೋಡಿ ಯಾರೂ ಬರುವುದಿಲ್ಲ. ಆದರೆ ಕ್ಯಾಂಪಸ್ ಸುರಕ್ಷಿತವಾಗಿದ್ದರೆ ಬರುತ್ತಾರೆ, ಬಂದವರು ಉಳಿಯುತ್ತಾರೆ. ನಾನೂ ಈ ದೇಶದಲ್ಲಿ ಏಳೆಂಟು ವರ್ಷ ಸಂಜೆ ಕ್ಲಾಸು ತೆಗೆದುಕೊಂಡವರ ಪೈಕಿ. ಎರಡು ಕಾಲೇಜು ಕಂಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ, ಕಡಿಮೆ ಫೀಸಿನ ಕಾಲೇಜು. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದು ಇವುಗಳಲ್ಲಿ ಹಳೆಯದು, ಈಗ ದೇಶದ ತುಂಬ ಸುಮಾರು ಸಾವಿರ ಇವೆ. ಕಟ್ ಆಫ್ ಇಲ್ಲ. ಹದಿನೆಂಟರ ಹುಡುಗನ ಪಕ್ಕದ ಕುರ್ಚಿಯಲ್ಲಿ ಐವತ್ತರ ಲಾರಿ ಡ್ರೈವರ್ ಕೂತು ನೋಟ್ಸ್ ಬರೆಯುತ್ತಿರುತ್ತಾರೆ. ಹೆಚ್ಚಿನ ಕಡೆ ಹಾಸ್ಟೆಲ್ ಇಲ್ಲ. ನಮ್ಮಲ್ಲಿಯ ಹಾಗೆ ಕಾಂಪೌಂಡು, ಗೇಟು, ಐಡಿ ಕಾರ್ಡ್ ಕೇಳುವ ವಾಚ್‌ಮನ್ ಯಾವುದೂ ಇಲ್ಲ. ಎಷ್ಟೋ ಕಡೆ ಊರಿನ ಯಾರು ಬೇಕಾದರೂ ಲೈಬ್ರರಿಗೆ ಬಂದು ಕೂರಬಹುದು. ಅದೇ ಅದರ ಚೆಂದ, ಅದೇ ತಲೆನೋವು.

ಇಲ್ಲಿ ಪಾಠ ಮಾಡುವವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಪಾರ್ಟ್‌ಟೈಮ್. ಅಡ್ಜಂಕ್ಟ್ ಅನ್ನುತ್ತಾರೆ, ನಮ್ಮ ಅತಿಥಿ ಉಪನ್ಯಾಸಕರೇ ಅನ್ನಿ. ಕೋರ್ಸಿಗೆ ಇಷ್ಟು ಅಂತ ದುಡ್ಡು, ಕೂರಲು ಸ್ವಂತ ರೂಮಿಲ್ಲ, ಕಾರಿನ ಡಿಕ್ಕಿಯೇ ಆಫೀಸು. ಬೆಳಗಿನ ಕ್ಲಾಸುಗಳನ್ನು ಕಾಯಂ ಪ್ರೊಫೆಸರುಗಳು ಮೊದಲೇ ಹಂಚಿಕೊಂಡಿರುತ್ತಾರೆ, ಉಳಿದ ಸಂಜೆ ನಮಗೆ. ಹಾಗಾಗಿ ಸುರಕ್ಷತೆ ಅನ್ನುವುದು ಮೂರು ಗಂಟೆಗೆ ಮನೆಗೆ ಹೋಗುವವರಿಗೆ ಒಂದು ಫೈಲು, ನಮಗೆ ಅದು ಕೆಲಸದ ಅರ್ಧ ಭಾಗ.

ನನ್ನ ಮೊದಲ ಕಾಲೇಜಿನ ಕತೆ ಕೇಳಿ. ಹೆಸರು ಬೇಡ. ಕ್ಲಾಸಿನ ಬಾಗಿಲು ಹೊರಗಿನಿಂದ ಮಾತ್ರ ಲಾಕ್ ಆಗುತ್ತಿತ್ತು, ಅಂದರೆ ಏನಾದರೂ ಆದರೆ ಮೇಷ್ಟ್ರು ಕಾರಿಡಾರಿಗೆ ಹೋಗಿ ಬೀಗ ತಿರುಗಿಸಿ ಮತ್ತೆ ಒಳಗೆ ಬರಬೇಕು. ಅದೂ ಕೀಲಿ ಇದ್ದರೆ. ಪಾರ್ಟ್‌ಟೈಮ್‌ನವರಿಗೆ ಕೀಲಿ ಕೊಡುತ್ತಿರಲಿಲ್ಲ! ನನ್ನ ಜೊತೆಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಒಬ್ಬಾಕೆ ಬ್ಯಾಗಿನಲ್ಲಿ ಒಂದು ರಬ್ಬರ್ ಬೆಣೆ ಇಟ್ಟುಕೊಂಡಿದ್ದರು, ಬಾಗಿಲ ಸಂದಿಗೆ ಒದ್ದು ಸಿಕ್ಕಿಸುವಂಥದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ತಮ್ಮ ದುಡ್ಡಿನಲ್ಲೇ ಕೊಂಡದ್ದು. ಕ್ಲಾಸು ಶುರುವಾಗುವ ಮುಂಚೆ ಚಾಕ್‌ಪೀಸ್ ತೆಗೆದಿಡುವ ಹಾಗೆ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಪಾರ್ಕಿಂಗ್ ಲಾಟಿನ ಹಿಂದಿನ ಸಾಲಿನಲ್ಲಿ ಎರಡು ದೀಪ ಕೆಟ್ಟು ಎರಡು ತಿಂಗಳಾದರೂ ರಿಪೇರಿ ಇಲ್ಲ. ಸೆಕ್ಯೂರಿಟಿಗೆ ಫೋನ್ ಮಾಡಿದರೆ ಸಂಜೆ ಎಂಟರ ಮೇಲೆ ಮೆಸೇಜ್ ಬಿಡಿ ಅನ್ನುವ ಯಂತ್ರ. ನಾವಿಬ್ಬರೂ ಒಬ್ಬರಿಗೊಬ್ಬರು ಕಾದು ಒಟ್ಟಿಗೇ ನಡೆದು ಹೋಗುತ್ತಿದ್ದೆವು. ಮುಂದಿನ ಸೆಮಿಸ್ಟರಿಗೆ ಆಕೆ ಬರಲಿಲ್ಲ. ಜಗಳ ಇಲ್ಲ, ರಾಜೀನಾಮೆ ಪತ್ರ ಇಲ್ಲ. ಕ್ಲಾಸು ಬೇಕಾ ಅಂತ ಕೇಳಿದ ಇಮೇಲಿಗೆ ಉತ್ತರ ಕೊಡಲಿಲ್ಲ, ಅಷ್ಟೇ. ಇನ್ನೊಂದು ಸೆಮಿಸ್ಟರ್ ನೋಡಿ ನಾನೂ ಉತ್ತರ ಕೊಡಲಿಲ್ಲ.

ದೊಡ್ಡವರು ಹೋಗುವಾಗ ಸದ್ದಾಗುತ್ತದೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ಡೀನ್ ಫ್ರಿಟ್ಸ್ ಸ್ಟೈನರ್ 2016ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಾಗ, ಕ್ಯಾಂಪಸ್ಸಿಗೆ ಗನ್ ತರಲು ಬಿಡುವ ಹೊಸ ಕಾನೂನೂ ಒಂದು ಕಾರಣ ಅಂತ ಬಹಿರಂಗವಾಗಿ ಹೇಳಿದರು, ಪತ್ರಿಕೆಗಳಲ್ಲಿ ಬಂತು. ಅಡ್ಜಂಕ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆಗಸ್ಟ್ ಕೊನೆಯಲ್ಲಿ ವಿಭಾಗದ ಮುಖ್ಯಸ್ಥರು ಆಲ್ಜೀಬ್ರಾ ಕ್ಲಾಸಿಗೆ ಮೇಷ್ಟ್ರಿಲ್ಲ ಅಂತ ತಲೆ ಚಚ್ಚಿಕೊಳ್ಳುತ್ತಾರೆ, ಸಂಬಳ ಕಡಿಮೆ ಅದಕ್ಕೇ ಯಾರೂ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಸಂಬಳ ಕಡಿಮೆ ಅನ್ನುವುದು ನಿಜವೇ. ಆದರೆ ಸಂಬಳ ಏರಿಸಲು ಬೋರ್ಡು, ಬಜೆಟ್ಟು, ರಾಜ್ಯದ ದುಡ್ಡು ಎಲ್ಲ ಬೇಕು. ಎರಡು ಬಲ್ಬಿಗೆ ಅದ್ಯಾವುದೂ ಬೇಡ.

ಈಗ ಸಣ್ಣಕ್ಷರದ ವಿಷಯ. ಆ ಜಾಹೀರಾತನ್ನು ಮತ್ತೆ ತೆಗೆದು ಕೊನೆಯ ತನಕ ಹೋಗಿ. ಅಲ್ಲಿ ಇಲ್ಲದಿದ್ದರೆ ಅರ್ಜಿಯ ಫಾರಂನಲ್ಲಿ, ಕ್ಲೆರಿ ಅನ್ನುವ ಹೆಸರಿರುವ ಒಂದು ಸಾಲು ಇರಬೇಕು. ಜೀನ್ ಕ್ಲೆರಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ. 1986ರ ಏಪ್ರಿಲ್‌ನಲ್ಲಿ ಹಾಸ್ಟೆಲ್ ರೂಮಿನಲ್ಲೇ ಆಕೆಯ ಕೊಲೆಯಾಯಿತು. ತಾನೇ ಲಾಕ್ ಆಗುವ ಬಾಗಿಲುಗಳಿದ್ದವು, ಯಾರೋ ಅಡ್ಡ ಇಟ್ಟು ತೆರೆದೇ ಬಿಟ್ಟಿದ್ದರು. ಅಪ್ಪ ಅಮ್ಮ ಸುಮ್ಮನಿರಲಿಲ್ಲ. ಕ್ಯಾಂಪಸ್ಸಿನ ಅಪರಾಧಗಳನ್ನು ಕಾಲೇಜುಗಳು ಮುಚ್ಚಿಡಬಾರದು ಅಂತ ಹಟ ಹಿಡಿದರು, 1990ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ದುಡ್ಡು ಪಡೆಯುವ ಕಾಲೇಜು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಹಿಂದಿನ ಮೂರು ವರ್ಷದ ಲೆಕ್ಕ ಹೊರಗೆ ಹಾಕಬೇಕು. ಇದು ತುಂಬ ಜನಕ್ಕೆ ಗೊತ್ತಿದೆ. ಗೊತ್ತಿಲ್ಲದ್ದು ಇದು: ಆ ವರದಿ ಎಲ್ಲಿದೆ, ಹೇಗೆ ಪಡೆಯಬೇಕು ಅಂತ ಸೇರಲಿರುವ ವಿದ್ಯಾರ್ಥಿಗೆ ಹೇಳಿದ ಹಾಗೆಯೇ ಕೆಲಸಕ್ಕೆ ಅರ್ಜಿ ಹಾಕುವವರಿಗೂ ಹೇಳಬೇಕು. ಅಂದರೆ ನಿಮಗೆ. ದಪ್ಪಕ್ಷರ ಅವರ ಇಷ್ಟ. ಸಣ್ಣಕ್ಷರ ನಿಮ್ಮ ಹಕ್ಕು. ಹಗುರವಾಗಿ ತೆಗೆದುಕೊಂಡವರಿಗೆ ದಂಡವೂ ಬಿದ್ದಿದೆ, ಲಿಬರ್ಟಿ ವಿಶ್ವವಿದ್ಯಾಲಯ 2024ರಲ್ಲಿ 1 ಕೋಟಿ 40 ಲಕ್ಷ ಡಾಲರ್ ಕಟ್ಟಬೇಕಾಯಿತು.

ವರದಿ ತೆರೆದ ಕೂಡಲೇ ಸಾಲು ಸಾಲು ಸೊನ್ನೆ ಕಾಣುತ್ತದೆ. ಖುಷಿಪಡಬೇಡಿ. ಹಾಸ್ಟೆಲ್ ಇಲ್ಲದ ಕಡೆ ಅಂಕಿ ಹೇಗೂ ಕಡಿಮೆ. ಮೇಲಾಗಿ ಈ ಲೆಕ್ಕಕ್ಕೆ ಅದರದ್ದೇ ಗಡಿ ಇದೆ. ಕ್ಯಾಂಪಸ್ಸು, ಅದಕ್ಕೆ ಅಂಟಿಕೊಂಡ ರಸ್ತೆ, ಫುಟ್‌ಪಾತು ಸೇರುತ್ತವೆ, ಎದುರಿನ ಪೆಟ್ರೋಲ್ ಬಂಕಿನಲ್ಲಿ ಆದದ್ದು ಸೇರುವುದಿಲ್ಲ. ಕಾರು ಕಳುವಾದರೆ ಲೆಕ್ಕ ಉಂಟು. ಗಾಜು ಒಡೆದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ, ಕಾರಿನ ಕೆಳಗೆ ತೂರಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೊಯ್ದುಕೊಂಡು ಹೋದರೆ, ಸಾಮಾನ್ಯವಾಗಿ ಆ ಕೋಷ್ಟಕದಲ್ಲಿ ಬರುವುದೇ ಇಲ್ಲ. ಸಂಜೆ ಮೇಷ್ಟ್ರಿಗೆ ಆಗುವ ತೊಂದರೆ ಹೆಚ್ಚಾಗಿ ಇಂಥದ್ದೇ ಅಲ್ವಾ? ಅದಕ್ಕೆ ಇನ್ನೊಂದು ಪುಸ್ತಕ ನೋಡಬೇಕು. ಸ್ವಂತ ಪೊಲೀಸ್ ಅಥವಾ ಸೆಕ್ಯೂರಿಟಿ ವಿಭಾಗ ಇರುವ ಕಾಲೇಜು ದಿನವಹಿ ದಾಖಲೆ ಇಡಬೇಕು, ಬಂದ ದೂರೆಲ್ಲ ಅದರಲ್ಲಿ ಬರುತ್ತದೆ. ಕಳೆದ 60 ದಿನದ್ದನ್ನು ಆಫೀಸಿನ ವೇಳೆಯಲ್ಲಿ ಯಾರು ಬಂದು ಕೇಳಿದರೂ ತೋರಿಸಬೇಕು. ಯಾಕೆ ಬೇಕು ಅಂತ ನೀವು ವಿವರಣೆ ಕೊಡಬೇಕಾಗಿಲ್ಲ. ಸುಮ್ನೆ ಹೋಗಿ ಕೇಳಿ. ಆ ಕೌಂಟರಿನಲ್ಲಿ ಮುಖ ಹೇಗೆ ಮಾಡುತ್ತಾರೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಗನ್ನಿನ ಬಗ್ಗೆ ಯಜಮಾನರು ಕೇಳಿದ್ದು. ಹೌದು, ನಿಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವವರು ಕ್ಯಾಂಪಸ್ಸಿಗೆ ಪಿಸ್ತೂಲು ತರಬಹುದು. ಹೊರಗೆ ಕಾಣಬಾರದು, ಅಷ್ಟೇ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆ ಕಾನೂನು 2016ರ ಆಗಸ್ಟ್ 1ಕ್ಕೆ ಬಂತು, ಕಮ್ಯುನಿಟಿ ಕಾಲೇಜುಗಳಿಗೆ ಸರಿಯಾಗಿ ಒಂದು ವರ್ಷ ಬಿಟ್ಟು. ಕೆಲವು ಜಾಗಗಳಲ್ಲಿ ಬೇಡ ಅಂತ ಕಾಲೇಜು ಹೇಳಬಹುದು, ಪೂರ್ತಿ ಬೇಡ ಅನ್ನುವ ಹಾಗಿಲ್ಲ. ನಿಮ್ಮ ಕ್ಲಾಸಿನಲ್ಲಿ ಯಾರ ಹತ್ತಿರ ಇದೆ ಅಂತ ನಿಮಗೆ ಗೊತ್ತಾಗುವುದೂ ಇಲ್ಲ. ನನಗೆ ಇದು ಇಷ್ಟವಿಲ್ಲ, ಮುಚ್ಚಿಟ್ಟು ಏನಾಗಬೇಕು. ಒರೆಗಾನ್‌ನ ಅಂಪ್ಕ್ವಾ ಕಮ್ಯುನಿಟಿ ಕಾಲೇಜಿನಲ್ಲಿ 2015ರ ಅಕ್ಟೋಬರ್ 1ರಂದು ಬರವಣಿಗೆಯ ಕ್ಲಾಸಿಗೆ ಒಬ್ಬ ನುಗ್ಗಿ ಗುಂಡು ಹಾರಿಸಿದಾಗ ಸತ್ತ 9 ಜನರಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರೂ ಒಬ್ಬರು. ಮರೆಯುವ ವಿಷಯವಲ್ಲ. ಆದರೆ ಅಂಥದ್ದು ಆಗುವುದು ತೀರಾ ಅಪರೂಪ, ಅದೊಂದನ್ನೇ ಇಟ್ಟುಕೊಂಡು ಕೆಲಸ ಬಿಡಬೇಡಿ. ಬಾಗಿಲು ಒಳಗಿನಿಂದ ಲಾಕ್ ಆಗುತ್ತದಾ ಅಂತ ಕೇಳಿ. ತುರ್ತು ಮೆಸೇಜ್ ಪಟ್ಟಿಗೆ ಪಾರ್ಟ್‌ಟೈಮ್‌ನವರ ನಂಬರು ಮೊದಲ ದಿನವೇ ಸೇರುತ್ತದಾ, ಇಲ್ಲಾ ಕಾಲೇಜಿನ ಇಮೇಲ್ ತಯಾರಾಗುವ ತನಕ ಕಾಯಬೇಕಾ, ಅದನ್ನೂ ಕೇಳಿ. ನನ್ನದು ಸೇರಿದ್ದು ಮೂರನೇ ವಾರ.

ಎರಡನೇ ಕಾಲೇಜಿಗೆ ಬರುತ್ತೇನೆ. ಸಂಬಳ ಮೊದಲಿನದಕ್ಕಿಂತ ಒಂದಿಷ್ಟು ಕಡಿಮೆ, ದಾರಿ ಇಪ್ಪತ್ತು ನಿಮಿಷ ಜಾಸ್ತಿ. ಇಂಟರ್‌ವ್ಯೂ ಮುಗಿದ ಮೇಲೆ ವಿಭಾಗದ ಮುಖ್ಯಸ್ಥೆ, ಅರವತ್ತು ದಾಟಿದ ಹೆಂಗಸು, ಕೋಟು ಹಾಕಿಕೊಂಡು ಬನ್ನಿ, ನೀವು ಕಾರು ನಿಲ್ಲಿಸುವ ಜಾಗ ತೋರಿಸುತ್ತೇನೆ ಅಂದರು. ಕಟ್ಟಡದ ಬಾಗಿಲಿಗೆ ಹತ್ತಿರದ ಹತ್ತು ಜಾಗಗಳನ್ನು ಸಂಜೆ ಐದರ ಮೇಲೆ ಪಾಠ ಮಾಡುವವರಿಗೆ ಅಂತಲೇ ಬಿಟ್ಟಿದ್ದರು. ನೀಲಿ ದೀಪದ ತುರ್ತು ಕಂಬದ ಗುಂಡಿ ಒತ್ತಿ, ಟೆಸ್ಟ್ ಮಾಡುತ್ತಿದ್ದೇನೆ ಅಂತ ಅದರಲ್ಲೇ ಹೇಳಿದರು. ಆ ಕಡೆಯಿಂದ ಒಬ್ಬ ಮನುಷ್ಯ, ನಿಜವಾದ ಮನುಷ್ಯ, ಅವರ ಹೆಸರು ಹಿಡಿದು ಮಾತಾಡಿಸಿದ. ರಾತ್ರಿ ಒಂಬತ್ತರಿಂದ ಹತ್ತೂಕಾಲರ ತನಕ ಗಾರ್ಡ್ ಒಬ್ಬ ಕಾರಿಡಾರಿನಲ್ಲಿ ಓಡಾಡುತ್ತಾನೆ, ಬೋರ್ಡ್ ಒರೆಸುವವರು ಯಾರೂ ಒಬ್ಬರೇ ಉಳಿಯಬಾರದು ಅಂತ ಹೇಳಿದರು. ಆರು ವರ್ಷ ಅಲ್ಲಿದ್ದೆ. ಸಂಬಳದ ವಿಷಯ ಆ ದಿನ ನಾನು ಮತ್ತೆ ಎತ್ತಲೇ ಇಲ್ಲ, ಅದು ದಡ್ಡತನ, ನೀವು ಎತ್ತಿ. ಆದರೆ ಆಮೇಲೆ ನನ್ನ ಪರಿಚಯದ ಮೂರು ಜನರನ್ನು ನಾನೇ ಅಲ್ಲಿಗೆ ಸೇರಿಸಿದೆ. ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಮೇಷ್ಟ್ರುಗಳನ್ನು ಕರೆತರುವುದು ಇನ್ನೊಬ್ಬ ಮೇಷ್ಟ್ರ ಫೋನು.

ಇಂಟರ್‌ವ್ಯೂಗೆ ಮುಂಚೆ ಒಂದು ಮಂಗಳವಾರ ಯಜಮಾನರನ್ನೂ ಕರೆದುಕೊಂಡು ರಾತ್ರಿ ಒಂಬತ್ತೂವರೆಗೆ ಅಲ್ಲಿಗೆ ಹೋಗಿ. ಕಾರಿನಲ್ಲೇ ಕೂತಿರಿ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಎಷ್ಟು ದೀಪ ಉರಿಯುತ್ತಿವೆ ಎಣಿಸಿ. ಕ್ಲಾಸು ಬಿಟ್ಟಾಗ ಹೆಂಗಸರು ಒಬ್ಬೊಬ್ಬರೇ ಆರಾಮಾಗಿ ಬರುತ್ತಿದ್ದಾರಾ, ಇಲ್ಲಾ ಕೀಲಿಗೊಂಚಲು ಕೈಯಲ್ಲಿ ಹಿಡಿದು ಸರಸರ ನಡೆಯುತ್ತಿದ್ದಾರಾ ನೋಡಿ. ಬೋರ್ಡಿನಲ್ಲಿರುವ ಸೆಕ್ಯೂರಿಟಿ ನಂಬರಿಗೆ ಒಂದು ಫೋನ್ ಮಾಡಿ, ಸಂಜೆ ಪಾಠ ಮಾಡುವವರನ್ನು ಕಾರಿನ ತನಕ ಬಿಟ್ಟುಬರುತ್ತೀರಾ ಅಂತ ಕೇಳಿ. ಊರಲ್ಲಿ ಆರೂವರೆಯ ಬಸ್ಸು ತಪ್ಪಿದರೆ ಪ್ಯೂನ್ ಅಣ್ಣ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬರುತ್ತಿದ್ದರು ಅಂತ ಬರೆದಿದ್ದೀರಲ್ಲ. ನೀವು ಅಲ್ಲಿ ಹುಡುಕಬೇಕಾದ್ದು ಆ ಅಣ್ಣನನ್ನೇ. ಸಿಕ್ಕರೆ ತಿಳಿಸಿ, ಸಿಗದಿದ್ದರೂ ತಿಳಿಸಿ.