ಒಂದು ಖಂಡವೇ ಪೈಸಾರಿ ಆದದ್ದು ಹೇಗೆ?

ಆಸ್ಟ್ರೇಲಿಯಾದಲ್ಲಿ ಬ್ರಿಟಿಷರು ನೆಲೆಯೂರಿದ ಬಗೆ, ಅಲ್ಲಿನ ಮೂಲನಿವಾಸಿಗಳ ಪಾಡು ಮತ್ತು ಆ ನೆಲಕ್ಕೆ ಆದದ್ದರ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಪೈಸಾರಿ ಎಂದರೆ ನಮ್ಮ ಕಡೆ ಯಾರ ಹಿಡುವಳಿಯೂ ಅಲ್ಲದ ಸರ್ಕಾರಿ ಜಾಗ.

ಪ್ರಶ್ನೆ: 1834ರಲ್ಲಿ ಕೊಡಗನ್ನು ತೆಗೆದುಕೊಂಡ ಬ್ರಿಟಿಷರು ಜಮ್ಮಾ ಗದ್ದೆ, ಬಾಣೆಗಳನ್ನು (ವಂಶಪಾರಂಪರ್ಯದ ಭತ್ತದ ಗದ್ದೆ ಮತ್ತು ಅದಕ್ಕೆ ಹೊಂದಿದ ಕಾಡುಜಾಗ) ಕಿತ್ತುಕೊಳ್ಳಲಿಲ್ಲ. ಅದೇ ಬ್ರಿಟಿಷರು ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಒಂದು ಸೆಂಟು ಜಾಗದ ಹಕ್ಕನ್ನೂ ಒಪ್ಪಲಿಲ್ಲ ಎಂದು ಓದಿದೆ. ಯಾಕೆ ಹೀಗೆ? (ಗೋಣಿಕೊಪ್ಪದ ಬೆಳೆಗಾರರು)

ಉತ್ತರ: ದೊಡ್ಡ ಕಾರಣ ಕಂದಾಯದ ಕಡತ. ಕೊಡಗಿನ ಅರಸ ಲಿಂಗರಾಜೇಂದ್ರನ ಕಾಲಕ್ಕೇ ಇಲ್ಲಿ ಗದ್ದೆಗಳಿಗೆ ಶಿಸ್ತು (ಕಂದಾಯ) ಬರೆದಾಗಿತ್ತು. ಯಾವ ಗದ್ದೆ ಯಾವ ಒಕ್ಕದ್ದು (ಮನೆತನದ್ದು), ಅದಕ್ಕೆ ಹೊಂದಿದ ಬಾಣೆ ಯಾವುದು ಎಂಬುದು ಗೊತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ಕಂದಾಯ. ಕಂದಾಯ ಬರಬೇಕಾದರೆ ಕಟ್ಟುವವನ ಹೆಸರು ಬೇಕು. ಹಾಗಾಗಿ ಹಳೆಯ ಹಿಡುವಳಿಯನ್ನು ಉಳಿಸಿಕೊಳ್ಳುವುದೇ ಅವರಿಗೆ ಅನುಕೂಲವಾಗಿತ್ತು.

1788ರ ಜನವರಿ 26ರಂದು ಆರ್ಥರ್ ಫಿಲಿಪ್ 11 ಹಡಗುಗಳ ಜನರೊಂದಿಗೆ ಸಿಡ್ನಿಯಲ್ಲಿ ಬಾವುಟ ನೆಟ್ಟಾಗ ಅಲ್ಲಿ ನೇಗಿಲು, ಬೇಲಿ, ಕಂದಾಯದ ಪುಸ್ತಕ ಯಾವುದೂ ಕಣ್ಣಿಗೆ ಬೀಳಲಿಲ್ಲ. ಖಂಡದ ಉದ್ದಗಲಕ್ಕೆ 250ಕ್ಕೂ ಹೆಚ್ಚು ಭಾಷೆಗಳ ಜನ ಇದ್ದರು. ಯಾವ ಹೊಳೆಯವರೆಗೆ ಯಾರ ಸೀಮೆ, ಯಾವ ಬಂಡೆಯ ಆಚೆ ಕೇಳದೆ ಕಾಲಿಡಬಾರದು, ಯಾವ ಹುಲ್ಲುಗಾವಲಿಗೆ ಯಾರು ಯಾವಾಗ ಬೆಂಕಿ ಕೊಡಬೇಕು ಎಂಬುದೆಲ್ಲ ಅವರಲ್ಲಿ ಕಟ್ಟುನಿಟ್ಟಾಗಿತ್ತು. ಆ ಗಡಿಗಳು ಹಾಡಿನಲ್ಲಿ, ನೆನಪಿನಲ್ಲಿ ಇದ್ದವು, ಕಾಗದದಲ್ಲಿ ಇರಲಿಲ್ಲ. 1770ರಲ್ಲಿ ಅಲ್ಲಿಗೆ ಹೋದ ಜೇಮ್ಸ್ ಕುಕ್‌ಗೆ ಸ್ಥಳೀಯರ ಒಪ್ಪಿಗೆ ಪಡೆದೇ ಜಾಗ ತೆಗೆದುಕೊಳ್ಳಬೇಕೆಂಬ ಗುಪ್ತ ಆದೇಶವಿತ್ತು. ಅವನು ಯಾರ ಒಪ್ಪಿಗೆಯನ್ನೂ ಪಡೆಯದೆ ಪೂರ್ವ ಕರಾವಳಿಯನ್ನು ರಾಜನ ಹೆಸರಿಗೆ ಬರೆದ.

ಕೊಡಗು ಕಂಪನಿಯ ಕೈಸೇರಿದ 1834ರಲ್ಲೇ ಲಂಡನ್ ಪಾರ್ಲಿಮೆಂಟು ದಕ್ಷಿಣ ಆಸ್ಟ್ರೇಲಿಯಾ ವಸಾಹತಿಗಾಗಿ ಒಂದು ಕಾಯ್ದೆ ಮಾಡಿತು. ಅದರಲ್ಲಿ ಆ ನೆಲವನ್ನು 'ಪಾಳು, ಯಾರೂ ಇಲ್ಲದ ಜಾಗ' ಎಂದು ಕರೆಯಲಾಗಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಜನ ಬದುಕುತ್ತಿದ್ದ ನಾಡನ್ನೇ ಪೈಸಾರಿ ಎಂದು ಬರೆದರು. ಮರುವರ್ಷ ಜಾನ್ ಬ್ಯಾಟ್‌ಮನ್ ಎಂಬ ಬಿಳಿಯ ಜಮೀನುದಾರ ಈಗಿನ ಮೆಲ್ಬರ್ನ್ ಬಳಿ ಕುಲಿನ್ ಜನರ ಹಿರಿಯರೊಂದಿಗೆ ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಸುಮಾರು 6 ಲಕ್ಷ ಎಕರೆಗೆ ಕರಾರು ಮಾಡಿಕೊಂಡ. ಗವರ್ನರ್ ಬರ್ಕ್ ಅದನ್ನು ರದ್ದು ಮಾಡಿದ. ಕುಲಿನ್ ಜನರಿಗೆ ಮೋಸವಾಯಿತೆಂದು ರದ್ದು ಮಾಡಿದ್ದಲ್ಲ. ಜಾಗ ರಾಜನದ್ದು, ಅದನ್ನು ಮಾರುವ ಹಕ್ಕು ಇವರಿಗೆ ಇಲ್ಲವೇ ಇಲ್ಲ ಎಂಬುದು ಅವನ ವಾದ.

ಇದನ್ನು ದೂರದ ಕಥೆ ಎಂದುಕೊಳ್ಳುವ ಹಾಗಿಲ್ಲ. ಕೊಡಗಿನಲ್ಲೂ ಕಡತದಲ್ಲಿ ಹೆಸರಿದ್ದ ಒಕ್ಕಗಳ ಜಾಗ ಉಳಿಯಿತು. ಹೆಸರಿಲ್ಲದ ಜೇನುಕುರುಬರು, ಬೆಟ್ಟಕುರುಬರು, ಯರವರು ಓಡಾಡಿಕೊಂಡಿದ್ದ ಕಾಡು ಸರ್ಕಾರದ ಮೀಸಲು ಅರಣ್ಯವಾಯಿತು.

ಪ್ರಶ್ನೆ: ಅಲ್ಲಿನ ಮೂಲನಿವಾಸಿಗಳು ಸತ್ತದ್ದು ಬಂದೂಕಿನಿಂದಲೋ, ರೋಗದಿಂದಲೋ? (ಸೋಮವಾರಪೇಟೆಯ ಶಿಕ್ಷಕಿ)

ಉತ್ತರ: ಎರಡರಿಂದಲೂ, ಮೂರನೆಯದಾಗಿ ಹಸಿವಿನಿಂದ. 1789ರ ಏಪ್ರಿಲ್‌ನಲ್ಲಿ ಸಿಡುಬು ಸಿಡ್ನಿ ಸುತ್ತಲಿನ ಜನರನ್ನು ಹಿಂಡುಹಿಂಡಾಗಿ ಬಲಿ ತೆಗೆದುಕೊಂಡಿತು. ಆ ರೋಗವನ್ನು ಅವರ ಮೈ ಎಂದೂ ಕಂಡಿರಲಿಲ್ಲ.

ಹಸಿವಿನ ಸಂಗತಿಯನ್ನು ಕೃಷಿಕರು ಬೇಗ ಗ್ರಹಿಸುತ್ತಾರೆ. ಆಗ್ನೇಯ ಭಾಗದಲ್ಲಿ ಮರ್ನಾಂಗ್ ಎಂಬ ಹಳದಿ ಹೂವಿನ ಗಿಡದ ಗೆಡ್ಡೆ ಜನರ ಮುಖ್ಯ ಆಹಾರ. ಹೆಂಗಸರು ಕೋಲಿನಿಂದ ಅಗೆದು ದೊಡ್ಡ ಗೆಡ್ಡೆ ತೆಗೆಯುತ್ತಿದ್ದರು, ಚಿಕ್ಕವನ್ನು ಬಿಡುತ್ತಿದ್ದರು. ಅಗೆತದಿಂದ ಮಣ್ಣು ಸಡಿಲವಾಗಿ ಮಳೆ ಒಳಗಿಳಿಯುತ್ತಿತ್ತು, ಮುಂದಿನ ವರ್ಷ ಮತ್ತೆ ಗೆಡ್ಡೆ. ಅಲ್ಲಿನ ಕಾಂಗರೂಗಳಿಗೆ ಮೆತ್ತನೆಯ ಪಾದ. ಕುರಿಗೆ ಗಟ್ಟಿ ಗೊರಸು. ಕುರಿಗಳು ಎಲೆ ಮೇದು, ಗೆಡ್ಡೆಯನ್ನೂ ಕಿತ್ತು ತಿಂದವು. ಗೊರಸಿನ ತುಳಿತಕ್ಕೆ ಮಣ್ಣು ಬಿಗಿಯಾಗಿ ನೀರು ಇಂಗದೆ ಹರಿದುಹೋಯಿತು. ಕುರಿಹಿಂಡು ಬಂದ ಕೆಲವೇ ವರ್ಷಗಳಲ್ಲಿ ಆ ಗೆಡ್ಡೆ ಅಪರೂಪವಾಯಿತು. ಹಸಿದವರು ಕುರಿ ಹೊಡೆದು ತಿಂದರೆ ಕುರಿಯ ಮಾಲೀಕರು ಬಂದೂಕು ಎತ್ತಿದರು. ಕೊಲೆಗಳ ಸರಣಿ ಹೆಚ್ಚಿನ ಕಡೆ ಶುರುವಾದದ್ದು ಹೀಗೆ.

1838ರ ಜೂನ್ 10ರಂದು ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಕೊಂದವರಲ್ಲಿ ಬಹುತೇಕರು ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿ ಕೂಲಿಗಳು. ಎರಡನೆಯ ವಿಚಾರಣೆಯಲ್ಲಿ 7 ಜನರಿಗೆ ಗಲ್ಲಾಯಿತು. ತಂಡದಲ್ಲಿದ್ದ ಜಮೀನುದಾರ ಮನೆತನದವನೊಬ್ಬ ಸೆರೆ ಸಿಗದೆ ತಪ್ಪಿಸಿಕೊಂಡ. ಆಮೇಲೆ ಕೊಲೆ ನಿಲ್ಲಲಿಲ್ಲ. ಹೆಣ, ಸಾಕ್ಷಿ ಸಿಗದಂತೆ ನಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಅನಾಥಾಲಯ, ಮಿಷನ್‌ಗಳಿಗೆ ಸೇರಿಸುವುದು ಸರ್ಕಾರಿ ನೀತಿಯೇ ಆಯಿತು. ಅದಕ್ಕೆ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು.

ಪ್ರಶ್ನೆ: ವಲಸೆ ಹೋದ ಬಿಳಿಯ ರೈತರಾದರೂ ಸುಖವಾಗಿದ್ದರೇ? (ಸಿದ್ದಾಪುರ)

ಉತ್ತರ: ಉಣ್ಣೆಯಿಂದ ಸಿರಿವಂತರಾದವರು ಬಹಳ. ನೆಲವನ್ನು ಓದಲು ಬಾರದೆ ಮುಳುಗಿದವರೂ ಬಹಳ. ದಕ್ಷಿಣ ಆಸ್ಟ್ರೇಲಿಯಾದ ಸರ್ವೇಯರ್ ಜಾರ್ಜ್ ಗಾಯ್ಡರ್ 1865ರಲ್ಲಿ ಕುದುರೆ ಮೇಲೆ ಸುತ್ತಾಡಿ, ಬೆಳೆದ ಗಿಡಗಂಟಿಯ ಜಾತಿ ನೋಡಿ ನಕ್ಷೆಯಲ್ಲಿ ಒಂದು ಗೆರೆ ಎಳೆದ. ಗೆರೆಯ ಉತ್ತರಕ್ಕೆ ಗೋಧಿ ಬಿತ್ತಬೇಡಿ, ದನ ಕುರಿ ಮೇಯಿಸಿದರೆ ಸಾಕು ಎಂದ. ಅಲ್ಲಿ ವರ್ಷದ ಮಳೆ ಸುಮಾರು 10 ಇಂಚು. ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಎಷ್ಟೋ ಪಟ್ಟು ಸುರಿಯುತ್ತದೆ. 1870ರ ದಶಕದಲ್ಲಿ ಕೆಲವು ವರ್ಷ ಒಳ್ಳೆಯ ಮಳೆಯಾಯಿತು. ನೆಲ ಉತ್ತರೆ ಸಾಕು, ನೇಗಿಲ ಹಿಂದೆಯೇ ಮಳೆಯೂ ಬರುತ್ತದೆ ಎಂದು ಜನ ನಂಬಿದರು. ಸರ್ಕಾರವೂ ಗೆರೆಯಾಚೆ ಜಾಗ ಮಾರಿತು. 1880ರಿಂದ ಬರ. ಕಲ್ಲಿನ ಮನೆ ಕಟ್ಟಿದ್ದವರು ಎಲ್ಲ ಬಿಟ್ಟು ಹೋದರು. ಸೂರಿಲ್ಲದ ಆ ಗೋಡೆಗಳು ಈಗಲೂ ನಿಂತಿವೆ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಅಲ್ಲಿನ ಮಣ್ಣಿನ ಆಳದಲ್ಲಿ ಸಾವಿರಾರು ವರ್ಷಗಳಿಂದ ಉಪ್ಪು ಕೂಡಿಕೊಂಡಿದೆ. ಕಾಡುಮರಗಳ ಆಳದ ಬೇರು ಬಿದ್ದ ಮಳೆಯನ್ನೆಲ್ಲ ಹೀರುತ್ತಿದ್ದುದರಿಂದ ಅಂತರ್ಜಲ ಕೆಳಗೇ ಇತ್ತು. ಮರ ಕಡಿದು ಗೋಧಿ ಹಾಕಿದರು. ಗೋಧಿಯ ಬೇರು ಗಿಡ್ಡ, ಅದೂ ವರ್ಷದಲ್ಲಿ ಕೆಲವೇ ತಿಂಗಳು. ಮಿಕ್ಕ ನೀರು ಇಂಗಿ ಅಂತರ್ಜಲ ಉಪ್ಪನ್ನು ಹೊತ್ತು ಮೇಲೇರಿತು. ಅದು ನೆಲಮಟ್ಟದಿಂದ ಸುಮಾರು 2 ಮೀಟರ್ ಒಳಗೆ ಬಂದರೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಹಾಗಾದ ಹೊಲದಲ್ಲಿ ಗೋಧಿ ಬೆಳೆಯುವುದಿಲ್ಲ. ರೈಲ್ವೆ ಎಂಜಿನಿಯರ್ ಡಬ್ಲ್ಯು.ಇ. ವುಡ್ ಮರ ಕಡಿತಕ್ಕೂ ಉಪ್ಪಿಗೂ ಇರುವ ಈ ನಂಟನ್ನು 1924ರಲ್ಲೇ ಬರೆದು ತೋರಿಸಿದ್ದರು. ಕಡಿತ ಮತ್ತೂ ಹಲವು ದಶಕ ನಡೆಯಿತು.

ಕೊಡಗಿನಲ್ಲೂ 1854ರ ನಂತರ ಬಂದ ಯುರೋಪಿಯನ್ ತೋಟಗಾರರಲ್ಲಿ ಹಲವರು ಘಟ್ಟದ ಕಾಡನ್ನು ಬೋಳು ಮಾಡಿ ಕಾಫಿ ಇಟ್ಟರು. ಬಿಳಿ ಕಾಂಡಕೊರಕದ ದುಂಬಿಗೆ ಬೇಕಾದದ್ದೇ ಬಿಸಿಲು ಬೀಳುವ ಕಾಂಡ. ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆ ಇಡುತ್ತದೆ. 1860ರ ದಶಕದಲ್ಲಿ ತೋಟಕ್ಕೆ ತೋಟವೇ ಒಣಗಿತು. ನೆರಳು ಉಳಿಸಿಕೊಂಡು ಕಾಫಿ ಬೆಳೆಯುವ ಕ್ರಮ ಆ ಪೆಟ್ಟಿನ ನಂತರ ಬಲವಾಯಿತು.

ಪ್ರಶ್ನೆ: ನಮ್ಮ ಸಿಲ್ವರ್ ಮರ ಆಸ್ಟ್ರೇಲಿಯಾದ್ದೇ? (ಪೊನ್ನಂಪೇಟೆ)

ಉತ್ತರ: ಹೌದು. ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಮತ್ತು ನ್ಯೂ ಸೌತ್ ವೇಲ್ಸಿನ ಉತ್ತರ ಕರಾವಳಿಯ ಕಾಡು ಅದರ ತವರು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುತ್ತದೆ ಎಂದು ಇಲ್ಲಿ ಮನೆಮಾಡಿತು. ನಾಡಮರ ತೆಗೆದು ಅದೊಂದನ್ನೇ ತುಂಬಿದರೆ ತೋಟದ ನೆರಳು ತೆಳುವಾಗುತ್ತದೆ. ಅತ್ತಿ, ಹಲಸು, ಬೀಟೆಯನ್ನು ಉಳಿಸಿಕೊಂಡು ನಡುವೆ ಹಾಕುವುದು ಲೇಸು.

ಪ್ರಶ್ನೆ: ಮೇಬೊ ತೀರ್ಪಿನ ನಂತರ ಅಲ್ಲಿನವರಿಗೆ ಜಾಗ ವಾಪಸ್ ಸಿಕ್ಕಿತೇ? ನಮ್ಮ ಅರಣ್ಯ ಹಕ್ಕು ಕಾಯ್ದೆಯೂ ಹಾಗೆಯೇ? (ನಾಗರಹೊಳೆಯ ಆದಿವಾಸಿ ಹಾಡಿಯೊಂದರ ಯುವಕರು)

ಉತ್ತರ: 1992ರ ಜೂನ್ 3ರಂದು ಅಲ್ಲಿನ ಹೈಕೋರ್ಟು (ಆ ದೇಶದ ಅತ್ಯುನ್ನತ ನ್ಯಾಯಾಲಯ) ಮರ್ರೆ ದ್ವೀಪದ ಎಡ್ಡಿ ಮೇಬೊ ಮತ್ತು ಜೊತೆಯವರ ಪರ ತೀರ್ಪು ಕೊಟ್ಟು, ಯಾರದ್ದೂ ಅಲ್ಲದ ನೆಲ ಎಂಬ ವಾದವನ್ನು ತಳ್ಳಿಹಾಕಿತು. ಮೇಬೊ ಅದಕ್ಕೆ ಸುಮಾರು ನಾಲ್ಕೂವರೆ ತಿಂಗಳು ಮೊದಲೇ ತೀರಿಕೊಂಡಿದ್ದರು. 1993ರಲ್ಲಿ ಕಾಯ್ದೆ ಬಂತು. ಆದರೆ ಖಾಸಗಿ ಪೂರ್ಣ ಒಡೆತನಕ್ಕೆ ಹೋದ ಜಾಗದ ಮೇಲೆ ಈ ಹಕ್ಕು ಉಳಿಯುವುದಿಲ್ಲ. ಉಳಿದ ಕಡೆಯೂ ಹಿರಿಯರ ಕಟ್ಟಳೆಯಂತೆ ನೆಲದ ಜೊತೆಗಿನ ಸಂಬಂಧ ಕಡಿಯದೆ ಬಂದಿದೆ ಎಂದು ಸಾಬೀತು ಮಾಡಬೇಕು. ಓಡಿಸಲ್ಪಟ್ಟವರು ಅದನ್ನು ಹೇಗೆ ತೋರಿಸಿಯಾರು? ಯೊರ್ಟ ಯೊರ್ಟ ಜನ 2002ರಲ್ಲಿ ಸೋತದ್ದು ಇಲ್ಲೇ. ಅವರ ಹಿರಿಯರ ಬಾಯಿಮಾತಿಗಿಂತ ಅವರ ನೆಲದಲ್ಲೇ ಕುರಿ ಮೇಯಿಸಿದ್ದ ವಲಸೆಗಾರನ ಬರಹಕ್ಕೆ ವಿಚಾರಣೆಯಲ್ಲಿ ಹೆಚ್ಚು ತೂಕ ಸಿಕ್ಕಿತ್ತು.

2006ರ ನಮ್ಮ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಉದಾರ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅನುಭವದಲ್ಲಿರುವ ಜಾಗಕ್ಕೆ, ಗರಿಷ್ಠ 4 ಹೆಕ್ಟೇರ್‌ಗೆ, ಅರ್ಜಿ ಹಾಕಬಹುದು. ಒಂದೊಂದು ಕುಟುಂಬದ ಜಾಗಕ್ಕೆ ನಮೂನೆ ಎ, ಜೇನು, ಸೊಪ್ಪು, ಮೀನಿನಂಥ ಸಮುದಾಯದ ಹಕ್ಕಿಗೆ ಬಿ, ಇಡೀ ಹಾಡಿಯ ಕಾಡನ್ನು ನೋಡಿಕೊಳ್ಳುವ ಹಕ್ಕಿಗೆ ಸಿ. ಅರ್ಜಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಥಳ ಪರಿಶೀಲನೆ, ಗ್ರಾಮಸಭೆ ನಿರ್ಣಯ, ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ.

ಅರ್ಜಿ ಬೀಳುವುದು ಸಾಮಾನ್ಯವಾಗಿ ಸಾಕ್ಷ್ಯದ ಹಂತದಲ್ಲಿ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು, ಆದರೆ ಇಂಥದ್ದೇ ಕಾಗದ ತನ್ನಿ ಎಂದು ಸಮಿತಿ ಹಠ ಹಿಡಿಯುವಂತಿಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಟ್ಟರೂ ಸಾಕ್ಷ್ಯವೇ. ಹಳೆಯ ಬಾವಿ, ಸಮಾಧಿ, ದೇವರ ಬನವೂ ಸಾಕ್ಷ್ಯವೇ. ಆದ್ದರಿಂದ ಹಾಡಿಯ ಹಿರಿಯರು ಗಟ್ಟಿಯಾಗಿರುವಾಗಲೇ ಅವರ ಜೊತೆ ಕಾಡಿಗೆ ಹೋಗಿ ಒಂದೊಂದು ಜಾಗದ ಹೆಸರು, ಅಲ್ಲಿ ಯಾರು ಇದ್ದರು, ಯಾರನ್ನು ಹೂಳಿದ್ದಾರೆ ಎಂದು ಬರೆಸಿ, ಹೆಬ್ಬೆಟ್ಟು ಅಥವಾ ಸಹಿ ಹಾಕಿಸಿ ಇಟ್ಟುಕೊಳ್ಳಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮೇಲ್ಮನವಿಗೆ 60 ದಿನ ಇದೆ. ಪರಿಶೀಲನೆ ಮುಗಿಯುವವರೆಗೆ ನಿಮ್ಮನ್ನು ಅಲ್ಲಿಂದ ಎಬ್ಬಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ.