ಓದುಗರ ಪ್ರಶ್ನೆ: ವಾರಕ್ಕೆ ಎರಡೇ ದಿನ, ಎಕ್ಸ್‌ರೇ ಸಾವಿರಾರು

ಪ್ರಶ್ನೆ: ಮೇಡಂ, ನಾನು ವಾರಕ್ಕೆ ಮೂರು ದಿನ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಎರಡು ದಿನ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಸಂಶೋಧಕ. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಗುರುತಿಸುವ ಮಾಡೆಲ್, ಅಂದರೆ ಚಿತ್ರಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, ಮಾಡುತ್ತಿದ್ದೇವೆ. ನಮ್ಮ ಡೇಟಾದಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟ ತಕ್ಷಣ ಮುಗ್ಗರಿಸಿತು. ಇನ್ನೂ ದೊಡ್ಡ ಮಾಡೆಲ್ ಹಾಕಿ ನೋಡು ಅಂತ ಗೈಡ್ ಹೇಳುತ್ತಾರೆ. ಇರುವ ಎರಡು ದಿನವನ್ನು ಯಾವುದಕ್ಕೆ ಕೊಡಲಿ?

ಉತ್ತರ: ಮಾಡೆಲ್ ಅನ್ನು ಒಂದು ತಿಂಗಳು ಹಾಗೇ ಬಿಡಿ. ಡೇಟಾ ಮುಂದೆ ಕೂತುಕೊಳ್ಳಿ.

ಮೊದಲು ನೋಡಬೇಕಾದ್ದು, ಕಲಿಸುವ ಚಿತ್ರಗಳನ್ನೂ ಪರೀಕ್ಷೆಯ ಚಿತ್ರಗಳನ್ನೂ ಹೇಗೆ ಬೇರೆ ಮಾಡಿದ್ದೀರಿ ಅನ್ನೋದು. 2017ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹೊರಬಿಟ್ಟ ಎದೆಯ ಎಕ್ಸ್‌ರೇ ಸಂಗ್ರಹದಲ್ಲಿ 1,12,120 ಚಿತ್ರಗಳಿವೆ, ಆದರೆ ರೋಗಿಗಳು 30,805 ಮಾತ್ರ. ಅಂದರೆ ಒಬ್ಬರದೇ ಹಲವು ಚಿತ್ರ. ಚಿತ್ರಗಳನ್ನು ಸುಮ್ನೆ ಕಲಸಿ ಹಂಚಿದರೆ ಅದೇ ಮನುಷ್ಯನ ಅದೇ ಪಕ್ಕೆಲುಬು ಎರಡೂ ಕಡೆ ಬರುತ್ತದೆ, ಮಾಡೆಲ್ ರೋಗ ಕಲಿಯುವ ಬದಲು ಮನುಷ್ಯನನ್ನು ಗುರುತು ಹಿಡಿಯುತ್ತದೆ. ಹಂಚುವುದಾದರೆ ರೋಗಿಯ ಲೆಕ್ಕದಲ್ಲಿ ಹಂಚಿ. ಶುರುವಿನಲ್ಲಿ ಇದೇ ತಪ್ಪು ಮಾಡಿ ನಾನು ನಾಲ್ಕು ತಿಂಗಳ ಕೆಲಸ ಕಳೆದುಕೊಂಡೆ. ಅರೆಕಾಲಿಕದವರಿಗೆ ನಾಲ್ಕು ತಿಂಗಳು ಅಂದರೆ ಎಷ್ಟು ಅಂತ ನಿಮಗೆ ಗೊತ್ತೇ ಇದೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ನ್ಯುಮೋನಿಯಾ ಮಾಡೆಲ್‌ಗಳ ಬಗ್ಗೆಯೇ 2018ರಲ್ಲಿ ಒಂದು ಅಧ್ಯಯನ ಬಂತು. ಮೂರು ಕಡೆಯ ಆಸ್ಪತ್ರೆಗಳ ಎಕ್ಸ್‌ರೇ ತೆಗೆದುಕೊಂಡು ನೋಡಿದರೆ, ಚಿತ್ರ ಯಾವ ಆಸ್ಪತ್ರೆಯದ್ದು ಅನ್ನೋದನ್ನು ಮಾಡೆಲ್ ಹೆಚ್ಚುಕಡಿಮೆ ತಪ್ಪದೇ ಹೇಳುತ್ತಿತ್ತು. ಒಂದು ಕಡೆ ನ್ಯುಮೋನಿಯಾ ಇದ್ದದ್ದು ಸುಮಾರು 34% ಚಿತ್ರಗಳಲ್ಲಿ, ಉಳಿದೆರಡು ಕಡೆ ಸುಮಾರು 1%. ಆಸ್ಪತ್ರೆ ಯಾವುದು ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೇ, ಅಲ್ವಾ? ಎಡ ಬಲ ತೋರಿಸಲು ಟೆಕ್ನಿಷಿಯನ್ ಇಡುವ ಲೋಹದ ಗುರುತು, ಎದ್ದು ಬರಲಾಗದ ರೋಗಿಗೆ ಹಾಸಿಗೆಯ ಹತ್ತಿರವೇ ತೆಗೆದ ಚಿತ್ರದ ಛಾಯೆ, ಎದೆಗೆ ಹಾಕಿದ ಟ್ಯೂಬ್, ಇವೆಲ್ಲ ಮಾಡೆಲ್‌ಗೆ ಸುಲಭದ ದಾರಿಗಳು. ಮಾಡೆಲ್ ದೊಡ್ಡದಾದಷ್ಟೂ ಇಂಥ ದಾರಿಯನ್ನು ಇನ್ನೂ ಬೇಗ ಹುಡುಕಿಕೊಳ್ಳಬಹುದು.

ಹೀಗೆ ಮಾಡಿ. ಎಲ್ಲ ಚಿತ್ರಗಳಲ್ಲೂ ಶ್ವಾಸಕೋಶದ ಭಾಗವನ್ನು ಕಪ್ಪು ಚೌಕದಿಂದ ಮುಚ್ಚಿ. ಅದೇ ಮಾಡೆಲ್‌ಗೆ ಮತ್ತೆ ಕಲಿಸಿ. ಶ್ವಾಸಕೋಶವೇ ಕಾಣದಿದ್ದರೂ ಅಂಕ ಹೆಚ್ಚೇನೂ ಇಳಿಯದಿದ್ದರೆ ನ್ಯುಮೋನಿಯಾ ನೋಡದೆಯೂ ಅಂಕ ಗಳಿಸುವ ದಾರಿ ಅದಕ್ಕಿದೆ ಅಂತ ಅರ್ಥ. ಆ ಎರಡು ಅಂಕಗಳನ್ನು ಪಕ್ಕಪಕ್ಕ ಇಟ್ಟು ನಿಮ್ಮ ಗೈಡ್‌ಗೆ ತೋರಿಸಿ, ಬಾಯಿಮಾತಿನ ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಆಮೇಲೆ ಮಾಡೆಲ್ ತಪ್ಪು ಹೇಳಿದ ನೂರು ಚಿತ್ರ ತೆಗೆದುಕೊಂಡು ಒಬ್ಬ ರೇಡಿಯಾಲಜಿಸ್ಟ್ ಪಕ್ಕ ಒಂದು ಗಂಟೆ ಕೂರಿ. ಎಷ್ಟೋ ಕಡೆ ತಪ್ಪು ಲೇಬಲ್‌ನದ್ದೇ, ಅಂದರೆ ಈ ಚಿತ್ರದಲ್ಲಿ ರೋಗ ಇದೆ ಅಥವಾ ಇಲ್ಲ ಅಂತ ಮೊದಲೇ ಬರೆದಿಟ್ಟ ಗುರುತಿನದ್ದೇ ಇರುತ್ತದೆ. ನಾನು ಹೇಳಿದ ಎನ್‌ಐಎಚ್ ಸಂಗ್ರಹದಲ್ಲೂ ಲೇಬಲ್ ಬಂದದ್ದು ಡಾಕ್ಟರ್ ಒಂದೊಂದೇ ಚಿತ್ರ ನೋಡಿ ಬರೆದು ಅಲ್ಲ, ಹಳೆಯ ವರದಿಗಳನ್ನು ಒಂದು ಪ್ರೋಗ್ರಾಂ ಓದಿ ಹೆಕ್ಕಿದ್ದು. ಆ ಒಂದು ಗಂಟೆಯಲ್ಲಿ ನೀವು ಕಲಿಯುವುದು ಎರಡು ವಾರ ಕೋಡ್ ಬರೆದರೂ ಸಿಗುವುದಿಲ್ಲ. ನನಗೆ ಈ ಕೆಲಸದ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದೂ ಅಂಥ ಒಂದು ಗಂಟೆಯಲ್ಲೇ.

ಇನ್ನೊಂದು ಮಾತು, ಮರೆಯಬೇಡಿ. ರೋಗಿಗಳ ಚಿತ್ರ ನಿಮ್ಮ ಕಂಪನಿಯ ಲ್ಯಾಪ್‌ಟಾಪ್‌ಗೆ ಬರಲೇಬಾರದು. ಆಸ್ಪತ್ರೆಗಳು ಸ್ಕ್ಯಾನ್ ಚಿತ್ರಗಳನ್ನು ಇಡುವ ಡೈಕಾಮ್ ಫೈಲ್ ಒಳಗೆ ಹೆಸರು, ಹುಟ್ಟಿದ ದಿನ ಇರುತ್ತದೆ, ಕೆಲವು ಸಲ ಚಿತ್ರದ ಮೇಲೇ ಅಚ್ಚಾಗಿರುತ್ತದೆ. ಎರಡು ಕಡೆ ದುಡಿಯುವವರಿಗೆ ಫೈಲ್ ಆಚೀಚೆ ಮಾಡುವ ಆಸೆ ಜಾಸ್ತಿ. ಕಂಪನಿಯ ಒಪ್ಪಂದದಲ್ಲಿ ನೀವು ಹೊರಗೆ ಬರೆದ ಕೋಡ್ ಯಾರದ್ದು ಅಂತ ಏನಿದೆ, ಅದನ್ನೂ ಒಮ್ಮೆ ಓದಿ.

ಪ್ರಶ್ನೆ: ನಮ್ಮ ಮಾಡೆಲ್ ರೋಗ ಇದ್ದವರಲ್ಲಿ 90% ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 90% ಜನರಿಗೆ ಇಲ್ಲ ಅಂತ ಸರಿಯಾಗಿ ಹೇಳುತ್ತದೆ. ಆದರೂ ಜೊತೆಗಿರುವ ಡಾಕ್ಟರ್ ಇದು ಸಾಲದು ಅನ್ನುತ್ತಾರೆ. ಯಾಕೆ?

ಉತ್ತರ: ಅವರು ಹೇಳುವುದು ಸರಿ ಇರಬಹುದು. ಸಾವಿರ ಜನ, ಅವರಲ್ಲಿ ಹತ್ತು ಜನಕ್ಕೆ ರೋಗ ಅಂದುಕೊಳ್ಳಿ. ನಿಮ್ಮ ಮಾಡೆಲ್ ಒಂಬತ್ತು ಜನರನ್ನು ಹಿಡಿಯಿತು. ಉಳಿದ 990 ಆರೋಗ್ಯವಂತರಲ್ಲಿ ಹತ್ತರಲ್ಲೊಬ್ಬರಿಗೆ ತಪ್ಪಾಗಿ ರೋಗ ಇದೆ ಅಂದಿತು, ಅಂದರೆ 99 ಜನಕ್ಕೆ. ಒಟ್ಟು 108 ಜನಕ್ಕೆ ರೋಗ ಇದೆ ಅಂದಾಗ ನಿಜವಾಗಿ ಇದ್ದದ್ದು ಒಂಬತ್ತು ಜನಕ್ಕೆ. ಆ 99 ಜನ ಮತ್ತೆ ಸ್ಕ್ಯಾನ್‌ಗೆ ಹೋಗಬೇಕು, ಮನೆಯಲ್ಲಿ ರಾತ್ರಿ ನಿದ್ದೆಗೆಡಬೇಕು. ಡಾಕ್ಟರ್ ಕಣ್ಣ ಮುಂದೆ ಇರುವುದು ಅವರು. ಮಾಡೆಲ್ ಎಲ್ಲಿ ಬಳಕೆಯಾಗುತ್ತದೆ, ಅಲ್ಲಿಗೆ ಬರುವ ನೂರು ಜನರಲ್ಲಿ ಎಷ್ಟು ಜನಕ್ಕೆ ರೋಗ ಇರುತ್ತದೆ ಅಂತ ಅವರನ್ನೇ ಕೇಳಿ, ಆ ಲೆಕ್ಕ ಹಾಕಿಕೊಂಡು ಮತ್ತೆ ಮಾತಾಡಿ.

ಪ್ರಶ್ನೆ: ಪೂರ್ತಿ ಸಮಯ ದುಡಿಯುವವರು ನನಗಿಂತ ಮೊದಲೇ ಪೇಪರ್ ಮುಗಿಸಿಬಿಡುತ್ತಾರೆ. ಅರೆಕಾಲಿಕದವರಿಗೆ ಇಲ್ಲಿ ಜಾಗ ಇದೆಯಾ?

ಉತ್ತರ: ಇದೆ. ಆದರೆ ಓಟದಲ್ಲಿ ಅಲ್ಲ. ಕೋವಿಡ್ ಸಮಯದಲ್ಲಿ ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್ ಮಾಡೆಲ್‌ಗಳ ಪೇಪರ್ ರಾಶಿ ರಾಶಿ ಬಂದವು. 2021ರಲ್ಲಿ ಒಂದು ತಂಡ ಅವನ್ನೆಲ್ಲ ಜರಡಿ ಹಿಡಿದು, ಕೊನೆಗೆ ಉಳಿದ 62 ಅಧ್ಯಯನಗಳನ್ನು ಬಿಡಿಸಿ ನೋಡಿತು. ಆಸ್ಪತ್ರೆಯಲ್ಲಿ ಬಳಸಲು ಯೋಗ್ಯ ಅನ್ನಿಸಿದ್ದು ಒಂದೂ ಇಲ್ಲ. ವೇಗಕ್ಕೇನೂ ಕೊರತೆ ಇರಲಿಲ್ಲ, ಅಲ್ವಾ?

ಹಾಗಾಗಿ ಹೊಸ ಮಾಡೆಲ್ ಕಟ್ಟುವ ಬದಲು, ಈಗಾಗಲೇ ಪ್ರಕಟವಾಗಿ ಕೋಡ್ ಸಿಗುವ ಒಂದನ್ನು ತೆಗೆದುಕೊಂಡು ಅದು ನೋಡದ ಡೇಟಾದ ಮೇಲೆ ಪರೀಕ್ಷಿಸಿ. ರೋಗಿಗಳ ಡೇಟಾ ಬಳಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಅರ್ಜಿಯನ್ನು ಮೊದಲ ವಾರವೇ ಹಾಕಿ, ಅದು ತಿಂಗಳುಗಟ್ಟಲೆ ಹಿಡಿಯಬಹುದು, ನೀವು ಅಲ್ಲಿ ಇಲ್ಲದ ದಿನಗಳಲ್ಲೂ ಅದು ಮುಂದೆ ಹೋಗುತ್ತಿರುತ್ತದೆ. ಪ್ರತಿ ವಾರ ಎರಡನೆಯ ದಿನ ಸಂಜೆ ಎದ್ದು ಹೋಗುವ ಮುಂಚೆ ಎಲ್ಲಿಗೆ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಮುಂದಿನ ವಾರ ಮೊದಲು ಯಾವ ಫೈಲ್ ತೆಗೆಯಬೇಕು ಅಂತ ಮೂರು ಸಾಲು ಬರೆದಿಡಿ.